ಟಾಟಾ ಇನ್‌ಸ್ಟಿಟ್ಯೂಟ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾನು ಆರು ವರ್ಷ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದೆ. ಆಗಿನಿಂದ ಮದುವೆ ಮನೆ, ಗೃಹಪ್ರವೇಶ, ರೈಲು, ಎಲ್ಲಿ ಯಾರು ಸಿಕ್ಕಿದರೂ ಅದರ ಬಗ್ಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ. ಇದು ಸಂಸ್ಥೆಯ ಅಧಿಕೃತ ಮಾತಲ್ಲ, ಅಲ್ಲಿ ಇದ್ದು ಬಂದವನ ಮಾತು.

ಟಾಟಾ ಇನ್‌ಸ್ಟಿಟ್ಯೂಟ್, ಐಐಎಸ್‌ಸಿ, ಭಾರತೀಯ ವಿಜ್ಞಾನ ಸಂಸ್ಥೆ: ಎಲ್ಲಾ ಒಂದೇನಾ?

ಒಂದೇ. ಕಾಗದದ ಮೇಲಿನ ಹೆಸರು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಕನ್ನಡದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ಹಳೆಯ ಕನ್ನಡ ಬರಹಗಳಲ್ಲಿ ‘ಭಾರತೀಯ ವಿಜ್ಞಾನ ಮಂದಿರ’ ಅಂತಲೂ ಸಿಗುತ್ತದೆ. ನನಗೆ ಆ ಹೆಸರೇ ಇಷ್ಟ, ಆದರೆ ಈಗ ಯಾರೂ ಹಾಗೆ ಕರೆಯುವುದಿಲ್ಲ. ಆಟೋದವರಿಗೆ, ಬಸ್ ಕಂಡಕ್ಟರ್‌ಗಳಿಗೆ, ಮಲ್ಲೇಶ್ವರ–ಯಶವಂತಪುರದ ಹಳಬರಿಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ‘ಐಐಎಸ್‌ಸಿಗೆ ಬರ್ತೀರಾ’ ಅಂದರೆ ಮುಖ ನೋಡುವ ಆಟೋದವರು ‘ಟಾಟಾ ಇನ್‌ಸ್ಟಿಟ್ಯೂಟ್’ ಅಂದ ತಕ್ಷಣ ಮೀಟರ್ ಹಾಕುತ್ತಾರೆ. ಹಾಕಿದರೆ.

ಹಾಗಾದರೆ ಇದು ಟಾಟಾ ಕಂಪನಿಯದ್ದಾ? ಖಾಸಗಿನಾ?

ಅಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿದುಕೊಂಡಿರುವುದು ಇದನ್ನೇ. ಹಣ ಕೊಟ್ಟು ಶುರು ಮಾಡಿಸಿದವರು ಜಮ್‌ಶೆಟ್‌ಜಿ ಟಾಟಾ. ಇವತ್ತು ನಡೆಯುವುದು ಮುಖ್ಯವಾಗಿ ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದ ಹಣದಲ್ಲಿ. ಅಂದರೆ ನಿಮ್ಮ ತೆರಿಗೆ ದುಡ್ಡಿನಲ್ಲಿ. ಸಂಶೋಧನಾ ಯೋಜನೆಗಳಿಗೆ ಬೇರೆ ಸರ್ಕಾರಿ ಇಲಾಖೆಗಳು, ಇಸ್ರೋ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಕೆಲವು ಕಂಪನಿಗಳು, ದಾನಿಗಳು ಕೂಡ ಹಣ ಕೊಡುತ್ತಾರೆ. ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಟಾಟಾ ಟ್ರಸ್ಟ್‌ನ ಪ್ರತಿನಿಧಿಗಳು ಇರುತ್ತಾರೆ. ಹಾಗಂತ ಅದು ಅವರ ಸ್ವತ್ತಲ್ಲ.

ಟಾಟಾ ಮುಂಬೈಯವರು. ಸಂಸ್ಥೆ ಬೆಂಗಳೂರಿಗೆ ಹೇಗೆ ಬಂತು?

ಇದು ಸ್ವಲ್ಪ ಉದ್ದದ ಕತೆ. 1893ರಲ್ಲಿ ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರ್‌ಗೆ ಹೊರಟ ಹಡಗಿನಲ್ಲಿ ಟಾಟಾ ಇದ್ದರು. ಅದೇ ಹಡಗಿನಲ್ಲಿ ಶಿಕಾಗೊ ಸಮ್ಮೇಳನಕ್ಕೆ ಹೊರಟಿದ್ದ ವಿವೇಕಾನಂದರೂ ಇದ್ದರು. ಐದು ವರ್ಷದ ಮೇಲೆ, 1898ರ ನವೆಂಬರ್ 23ರಂದು, ಟಾಟಾ ಆ ಪ್ರಯಾಣವನ್ನು ನೆನೆದು ವಿವೇಕಾನಂದರಿಗೆ ಒಂದು ಪತ್ರ ಬರೆದರು. ದೇಶಕ್ಕೊಂದು ಸಂಶೋಧನಾ ಸಂಸ್ಥೆ ಬೇಕು ಅನ್ನುವ ತಮ್ಮ ಯೋಜನೆಗೆ ಬೆಂಬಲ ಕೇಳಿದ ಪತ್ರ ಅದು.

ಆಗಿನ ವೈಸ್‌ರಾಯ್ ಕರ್ಜನ್‌ಗೆ ಈ ಯೋಜನೆ ಅಷ್ಟಾಗಿ ಹಿಡಿಸಲಿಲ್ಲ. ಎಲ್ಲಿ ಕಟ್ಟಬೇಕು ಅಂತ ನೋಡಲು ಬ್ರಿಟನ್ನಿನ ಪ್ರಸಿದ್ಧ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದರು. ದೇಶ ಸುತ್ತಿ ಬೆಂಗಳೂರೇ ಸರಿ ಅಂದರು. ಹವೆ ತಂಪು ಅನ್ನುವುದು ಒಂದು ಕಾರಣ. ಮೈಸೂರು ಸಂಸ್ಥಾನ ಜಾಗ ಕೊಡಲು ಮುಂದೆ ಬಂದಿದ್ದು ಅದಕ್ಕಿಂತ ದೊಡ್ಡ ಕಾರಣ. ದಿವಾನ್ ಶೇಷಾದ್ರಿ ಅಯ್ಯರ್ ಈ ವಿಷಯದಲ್ಲಿ ಬಹಳ ಆಸಕ್ತಿ ತೋರಿಸಿದ್ದರು. ಕೊನೆಗೆ 1907ರಲ್ಲಿ ಸುಮಾರು 370 ಎಕರೆ ಮಂಜೂರಾಯಿತು. ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷ ವರ್ಷ 50,000 ರೂಪಾಯಿ ಕೊಡುವುದಕ್ಕೂ ಸಂಸ್ಥಾನ ಒಪ್ಪಿತು.

ಇದನ್ನು ನೋಡಲು ಟಾಟಾ ಇರಲಿಲ್ಲ. 1904ರಲ್ಲೇ ಜರ್ಮನಿಯಲ್ಲಿ ತೀರಿಕೊಂಡಿದ್ದರು. ಮಗ ದೊರಾಬ್ ಕೆಲಸ ಮುಂದುವರಿಸಿದರು. 1909ರ ಮೇ 27ರಂದು ಸಂಸ್ಥೆ ಸ್ಥಾಪಿಸುವ ಸರ್ಕಾರಿ ಆದೇಶ ಹೊರಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಅದೇ ವರ್ಷ ಮೊದಲ ತಂಡ ಸೇರಿತು, 24 ವಿದ್ಯಾರ್ಥಿಗಳು. ಇದ್ದ ವಿಭಾಗಗಳು ರಸಾಯನ ವಿಜ್ಞಾನ ಮತ್ತು ವಿದ್ಯುತ್ತಿನವು.

ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್. ರಾಮ್ಸೆ ಜೊತೆ ಸೇರಿ ನಿಯಾನ್ ಅನಿಲವನ್ನು ಕಂಡುಹಿಡಿದವರು. ಅಂಗಡಿ ಬೋರ್ಡುಗಳಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ ನಿಯಾನ್.

ಇದು ಕಾಲೇಜಾ, ಯೂನಿವರ್ಸಿಟಿಯಾ, ಇಲ್ಲಾ ಬರೀ ಲ್ಯಾಬಾ?

ಕಾನೂನಿನ ಲೆಕ್ಕದಲ್ಲಿ ಡೀಮ್ಡ್ ವಿಶ್ವವಿದ್ಯಾಲಯ, 1958ರಿಂದ. ತನ್ನ ಪದವಿಯನ್ನು ತಾನೇ ಕೊಡುತ್ತದೆ. ಆದರೆ ಮೈಸೂರು ವಿಶ್ವವಿದ್ಯಾಲಯಕ್ಕೋ ಬೆಂಗಳೂರು ವಿಶ್ವವಿದ್ಯಾಲಯಕ್ಕೋ ಇರುವ ಹಾಗೆ ಇದರ ಕೆಳಗೆ ಕಾಲೇಜುಗಳಿಲ್ಲ. ಕುಲಪತಿ ಇಲ್ಲ, ನಿರ್ದೇಶಕರು ಇದ್ದಾರೆ. ಕಲಾ ವಿಭಾಗ, ಕಾಮರ್ಸ್, ಕಾನೂನು ಇಲ್ಲ. ಇರುವುದು ವಿಜ್ಞಾನ, ಎಂಜಿನಿಯರಿಂಗ್, ಅವುಗಳ ಅಕ್ಕಪಕ್ಕದ ವಿಷಯಗಳು. 40ಕ್ಕಿಂತ ಹೆಚ್ಚು ವಿಭಾಗಗಳು, ಸುಮಾರು 500 ಅಧ್ಯಾಪಕರು.

ಸಂಶೋಧನಾ ವಿಶ್ವವಿದ್ಯಾಲಯ ಅಂದರೆ ಏನು ಅಂತ ನನ್ನ ಮಾವ ಒಮ್ಮೆ ಕೇಳಿದ್ದರು. ನಾನು ಹೇಳಿದ್ದು ಇಷ್ಟು: ಕಾಲೇಜಿನಲ್ಲಿ ಮೇಷ್ಟ್ರಿಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ನಿಮಗೆ ಕೊಡುತ್ತಾರೆ. ಇಲ್ಲಿ ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೊಡುತ್ತಾರೆ. ಮಾವ ‘ಮತ್ತೆ ಸಂಬಳ ಯಾಕೆ ಕೊಡ್ತಾರೆ’ ಅಂದರು.

ಅಷ್ಟು ವರ್ಷ ಒಳಗೆ ಕೂತು ಏನು ಮಾಡ್ತಾರೆ?

ನನ್ನದೇ ಹೇಳುತ್ತೇನೆ. ಮೊದಲ ವರ್ಷ ತರಗತಿಗಳು. ಆಮೇಲೆ ಒಂದು ದೊಡ್ಡ ಮೌಖಿಕ ಪರೀಕ್ಷೆ. ಅದನ್ನು ದಾಟಿದರೆ ಲ್ಯಾಬ್. ನನ್ನ ಕೆಲಸ ಒಂದು ಸ್ಟೀಲ್ ಡಬ್ಬಿಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಅದರಲ್ಲಿ ಅಳತೆ ಮಾಡುವುದು. ಡಬ್ಬಿ ಎಲ್ಲೋ ಸೋರುತ್ತಿತ್ತು. ಎಲ್ಲಿ ಅಂತ ಗೊತ್ತಿಲ್ಲ. ಪ್ರತಿ ಬೋಲ್ಟಿನ ಸುತ್ತ, ಪ್ರತಿ ಬೆಸುಗೆಯ ಮೇಲೆ ಸಣ್ಣ ಪೈಪಿನಿಂದ ಹೀಲಿಯಂ ಬಿಡುತ್ತಾ, ಮೀಟರಿನ ಮುಳ್ಳು ಅಲ್ಲಾಡುತ್ತದಾ ಅಂತ ನೋಡುತ್ತಾ ಕೂರಬೇಕು. ಹಾಗೆ ಎರಡೂವರೆ ತಿಂಗಳು ಕಳೆದೆ. ಕೊನೆಗೆ ಸಿಕ್ಕಿದ್ದು ಒಂದು ತಾಮ್ರದ ವಾಷರ್ ಮೇಲಿನ ಗೀರು. ಕೂದಲಿನಷ್ಟು ಇತ್ತು. ಅದನ್ನು ಬದಲಿಸಿದ ದಿನ ರಾತ್ರಿ ಎರಡು ಗಂಟೆಗೆ ಗೆಳೆಯನನ್ನು ಎಬ್ಬಿಸಿ ಹೇಳಿದೆ. ಅವನು ಬೈಯಲಿಲ್ಲ. ಅವನಿಗೂ ಅವನದೇ ಒಂದು ಸೋರಿಕೆ ಇತ್ತು.

ಹೊರಗಿನವರಿಗೆ ಇದು ಸಮಯ ಹಾಳು ಅನಿಸಬಹುದು. ಸಂಶೋಧನೆಯಲ್ಲಿ ಬಹುಪಾಲು ದಿನ ಹೀಗೇ ಇರುತ್ತದೆ. ಪೇಪರಿನಲ್ಲಿ ಬರುವ ಸುದ್ದಿ ಮಿಕ್ಕ ನಾಲ್ಕೈದು ದಿನದ್ದು.

ಸರಿ. ಇದರಿಂದ ನಮಗೇನು ಬಂತು?

ನಿಮ್ಮ ಬಚ್ಚಲು ಮನೆಯಿಂದ ಶುರು ಮಾಡೋಣ. ಮೊದಲೆಲ್ಲ ಮೈಸೂರಿನ ಗಂಧದ ಮರ ಕೊರಡಾಗಿಯೇ ಹಡಗು ಹತ್ತುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಜರ್ಮನಿಯಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಆ ದಾರಿ ಮುಚ್ಚಿತು. ಸಂಸ್ಥಾನದ ಹತ್ತಿರ ಗಂಧ ರಾಶಿ ಬಿತ್ತು. ಆಗ ಈ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಬಟ್ಟಿ ಇಳಿಸುವುದನ್ನು ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು. ಈಗ ಹಸಿರು ಮಾರ್ಗದ ಮೆಟ್ರೊದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಇಳಿದರೆ ಸಂಸ್ಥೆ ದೂರವೇನಿಲ್ಲ.

ಇನ್ನು ಅಡುಗೆ ಮನೆ. ತುಮಕೂರು ಕಡೆಯ ನಮ್ಮ ಅಜ್ಜಿ ಮನೆಯಲ್ಲಿ ಅಸ್ತ್ರ ಒಲೆ ಇತ್ತು. ‘ಅಸ್ತ್ರ’ ಅಂದರೆ ರಾಮಬಾಣ ಅಂತಲೇ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಅದು 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಈ ಸಂಸ್ಥೆಯಲ್ಲಿ ಕಟ್ಟಿದ ಒಂದು ಕೇಂದ್ರದ ಹೆಸರು ಅಂತ ಗೊತ್ತಾಗಿದ್ದು ಪಿಎಚ್‌ಡಿಗೆ ಸೇರಿದ ಮೇಲೆ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ನಿಂತು ಮಾಡಬೇಕು ಅನ್ನುವುದು ಆ ಕೇಂದ್ರದ ಪಟ್ಟು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕ್ಷೇತ್ರ ಕೇಂದ್ರ ಇತ್ತು.

ಆ ಒಲೆ ನೋಡಲು ಸಾದಾ ಮಣ್ಣಿನ ಒಲೆ. ಒಳಗೆ ಲೆಕ್ಕಾಚಾರ ಇತ್ತು. ಸೌದೆಯ ಕೆಳಗೆ ಜಾಲರಿ, ಅದರಿಂದ ಗಾಳಿ. ಬೆಂಕಿಯ ಗೂಡು ಮುಚ್ಚಿರುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆಯ ತಳ ಸವರಿ, ಎರಡನೆಯದಕ್ಕೆ ಹೋಗಿ, ಮೂರನೆಯದನ್ನು ಬೆಚ್ಚಗೆ ಮಾಡಿ, ಕೊಳವೆ ಹಿಡಿದು ಮಾಡಿನಾಚೆ ಹೋಗುತ್ತದೆ. ಸೌದೆ ಕಡಿಮೆ ಸಾಕು, ಅಜ್ಜಿಯ ಕಣ್ಣಲ್ಲಿ ನೀರು ಬರುವುದಿಲ್ಲ. ಆದರೆ ಒಂದು ಸಲ ಒಲೆ ಸಾರಿಸುವಾಗ ಅಜ್ಜಿ ಅದರ ಬಾಯಿಯನ್ನು ಸ್ವಲ್ಪ ದೊಡ್ಡದು ಮಾಡಿಬಿಟ್ಟರು, ದಪ್ಪ ಕೊರಡು ಹಿಡಿಸಲಿ ಅಂತ. ಅವತ್ತಿನಿಂದ ಹೊಗೆ ಮತ್ತೆ ಮನೆಯೊಳಗೆ. ಅಳತೆ ತಪ್ಪಿದರೆ ಒಲೆ ಕೆಲಸ ಮಾಡುವುದಿಲ್ಲ. ಅಳತೆ ಹೇಳಿಕೊಟ್ಟವರು ಪಕ್ಕದಲ್ಲಿ ಇರುವುದಿಲ್ಲ. ಈ ಒಲೆಗಳ ನಿಜವಾದ ಕಷ್ಟ ಇದೇ ಅಂತ ನನಗನಿಸುತ್ತದೆ.

ಅದೇ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಊರಿನಲ್ಲಿ, ಊರ ದನಗಳ ಸಗಣಿಯಿಂದ ಗ್ಯಾಸ್ ಮಾಡಿ, ಅದರಿಂದ ಎಂಜಿನ್ ಓಡಿಸಿ ಮನೆಗಳಿಗೆ ಬೆಳಕು ಮತ್ತು ಕೊಳವೆ ಬಾವಿ ನೀರು ಕೊಟ್ಟಿದ್ದೂ ಇದೇ ಗುಂಪು.

ಇವೆಲ್ಲ ಹಳೆಯ ಕತೆ, ಈಗ ಏನು ಅಂತೀರಾ? ಕಂಪ್ಯೂಟರ್ ಚಿಪ್, ಬ್ಯಾಟರಿ, ಲಸಿಕೆ, ಹವಾಮಾನದ ಲೆಕ್ಕ, ಎಲ್ಲದರ ಮೇಲೂ ಕೆಲಸ ನಡೆಯುತ್ತಿದೆ. 2022ರಿಂದ ‘ಪರಮ್ ಪ್ರವೇಗ’ ಅನ್ನುವ ಸೂಪರ್ ಕಂಪ್ಯೂಟರ್ ಇದೆ. ಇವುಗಳಲ್ಲಿ ಯಾವುದು ನಾಳೆ ಸೋಪು, ಒಲೆ ಆಗುತ್ತದೋ ಒಳಗಿರುವವರಿಗೂ ತಿಳಿಯುವುದಿಲ್ಲ.

ಇಸ್ರೋಗೂ ಇದಕ್ಕೂ ಏನು ಸಂಬಂಧ?

ಹತ್ತಿರದ ಸಂಬಂಧ. ಸತೀಶ್ ಧವನ್ 1962ರಿಂದ 1981ರವರೆಗೆ ಸಂಸ್ಥೆಯ ನಿರ್ದೇಶಕರು. 1972ರಿಂದ ಇಸ್ರೋ ಅಧ್ಯಕ್ಷರೂ ಹೌದು. ಎರಡೂ ಕುರ್ಚಿ ಒಟ್ಟಿಗೆ. ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅವರದೇ ಹೆಸರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದ ಕಾಲದಲ್ಲಿ, ಹೋಮಿ ಭಾಭಾ ಮತ್ತು ವಿಕ್ರಮ್ ಸಾರಾಭಾಯ್ ಇಬ್ಬರೂ ಇಲ್ಲಿ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಬಗ್ಗೆ ಕೆಲಸ ಮಾಡುತ್ತಿದ್ದರು. ಒಬ್ಬರು ದೇಶದ ಅಣು ಕಾರ್ಯಕ್ರಮ ಕಟ್ಟಿದರು, ಇನ್ನೊಬ್ಬರು ಬಾಹ್ಯಾಕಾಶ ಕಾರ್ಯಕ್ರಮ ಕಟ್ಟಿದರು. ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಗಿದ್ದು 1942ರಲ್ಲಿ. ಎಚ್‌ಎಎಲ್ ಊರಲ್ಲೇ ಇತ್ತಲ್ಲ.

ಸಿ.ವಿ. ರಾಮನ್‌ಗೆ ನೊಬೆಲ್ ಬಂದಿದ್ದು ಇಲ್ಲಿನ ಕೆಲಸಕ್ಕಾ?

ಅಲ್ಲ. ರಾಮನ್ ಪರಿಣಾಮ ಕಂಡಿದ್ದು 1928ರಲ್ಲಿ, ಕಲ್ಕತ್ತದಲ್ಲಿ. ನೊಬೆಲ್ 1930ರಲ್ಲಿ. ಅವರು ಇಲ್ಲಿಗೆ ಬಂದಿದ್ದು 1933ರಲ್ಲಿ, ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಭೌತ ವಿಜ್ಞಾನ ವಿಭಾಗ ಕಟ್ಟಿದರು. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಭೌತ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿ ಕೆಲವು ತಿಂಗಳು ಇಲ್ಲಿ ಇರಿಸಿಕೊಂಡರು. ಕಾಯಂ ಮಾಡಬೇಕು ಅಂತ ಹಟ ಹಿಡಿದರು, ಆಗಲಿಲ್ಲ. ಬಾರ್ನ್‌ಗೆ ಆಮೇಲೆ 1954ರಲ್ಲಿ ನೊಬೆಲ್ ಬಂತು. ಎಂಥಾ ಅವಕಾಶ ಕೈತಪ್ಪಿತು ನೋಡಿ. ಆಡಳಿತದವರ ಜೊತೆ ಜಟಾಪಟಿಯಾಗಿ ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು. ಪ್ರಾಧ್ಯಾಪಕರಾಗಿ 1948ರವರೆಗೆ ಇದ್ದರು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಬೇರೆ, ಇದು ಬೇರೆ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಹೆಣ್ಣುಮಕ್ಕಳಿಗೆ ಮೊದಲಿಂದಲೂ ಪ್ರವೇಶ ಇತ್ತಾ?

ಇದಕ್ಕೆ ಉತ್ತರ ಹೇಳುವಾಗ ರಾಮನ್ ಹೆಸರು ಮತ್ತೆ ಬರುತ್ತದೆ, ಈ ಸಲ ಅಷ್ಟು ಚೆನ್ನಾಗಿ ಅಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ ರಾಮನ್ ಬೇಡ ಅಂದರು. ಆಕೆ ಹಿಂದೆ ಸರಿಯಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು: ಮೊದಲ ವರ್ಷ ಕೆಲಸ ನೋಡಿ ಆಮೇಲೆ ಮಾತು. ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ಕಮಲಾ ಸೊಹೋನಿ ಅಂತ ಈಗ ಪುಸ್ತಕಗಳಲ್ಲಿ ಹೆಸರಿದೆ.

ಹತ್ತು ವರ್ಷದ ಮೇಲೆ, 1943ರಲ್ಲಿ, ನಮ್ಮ ಕನ್ನಡ ನಾಡಿನ ರಾಜೇಶ್ವರಿ ಬಂದರು. ಅಮೆರಿಕದ ಮಿಶಿಗನ್‌ನಲ್ಲಿ ಓದಿ ವಾಪಸ್ ಬಂದು ಇಲ್ಲೇ ಪ್ರಾಧ್ಯಾಪಕಿಯಾದರು. ರಾಜೇಶ್ವರಿ ಚಟರ್ಜಿ. ಮೈಕ್ರೋವೇವ್, ಆಂಟೆನಾ ಅವರ ಕ್ಷೇತ್ರ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನು ಕರೆಯುತ್ತಾರೆ. ಶಾಲೆಯ ಗೋಡೆಗಳ ಮೇಲೆ ಅವರ ಫೋಟೊ ನಾನಂತೂ ನೋಡಿಲ್ಲ.

ಪಿಯುಸಿ ಆದ ಕೂಡಲೇ ಸೇರಬಹುದಾ?

ಸೇರಬಹುದು. 2011ರವರೆಗೆ ಆಗುತ್ತಿರಲಿಲ್ಲ. ಅವತ್ತಿನಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಎಲ್ಲಾ ವಿಷಯ: ಗಣಿತ, ಭೌತ, ರಸಾಯನ, ಜೀವ ವಿಜ್ಞಾನ, ಸ್ವಲ್ಪ ಎಂಜಿನಿಯರಿಂಗ್, ಸ್ವಲ್ಪ ಮಾನವಿಕ ವಿಷಯ. ಆಮೇಲೆ ಒಂದನ್ನು ಆರಿಸಿಕೊಳ್ಳಬೇಕು. ಕೊನೆಯ ವರ್ಷ ಸಂಶೋಧನೆ. 2022ರಿಂದ ಗಣಿತ ಮತ್ತು ಕಂಪ್ಯೂಟಿಂಗ್‌ನಲ್ಲಿ ಬಿ.ಟೆಕ್ ಕೂಡ ಶುರುವಾಗಿದೆ.

ಬರೀ ಪಿಯುಸಿ ಅಂಕ ನೋಡಿ ಸೀಟು ಕೊಡುವುದಿಲ್ಲ. ಸಿಇಟಿ ರ‍್ಯಾಂಕಿನಿಂದಲೂ ಸಿಗುವುದಿಲ್ಲ. ಈಚಿನ ವರ್ಷಗಳಲ್ಲಿ ವಿಜ್ಞಾನ ಪದವಿಗೆ ಐಐಟಿಗೆ ಬರೆಯುವ ಜೆಇಇ ಅಡ್ವಾನ್ಸ್ಡ್ ಅಥವಾ ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ನವರ ಅರ್ಹತಾ ಪರೀಕ್ಷೆ, ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್ಡ್. ನಿಯಮ ಆಗಾಗ ಬದಲಾಗುತ್ತದೆ. ಆ ವರ್ಷದ ಪ್ರಕಟಣೆಯನ್ನೇ ನೋಡಿ, ಪಕ್ಕದ ಮನೆಯವರ ಮಾತಲ್ಲ. ಶುಲ್ಕದ ಬಗ್ಗೆ ಹೆದರಬೇಡಿ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಎದುರು ಇದು ಏನೇನೂ ಅಲ್ಲ.

ಕರ್ನಾಟಕದವರಿಗೆ ಮೀಸಲು ಇದೆಯಾ? 2ಎ, 3ಬಿ ನಡೆಯುತ್ತಾ?

ರಾಜ್ಯದವರಿಗೆ ಅಂತ ಬೇರೆ ಮೀಸಲು ಇಲ್ಲ. ಪ್ರವರ್ಗ 1, 2ಎ, 3ಬಿ ಎಲ್ಲ ರಾಜ್ಯದ ಪಟ್ಟಿ. ಇಲ್ಲಿ ನಡೆಯುವುದು ಕೇಂದ್ರದ ಲೆಕ್ಕ: ಪರಿಶಿಷ್ಟ ಜಾತಿಗೆ 15%, ಪರಿಶಿಷ್ಟ ಪಂಗಡಕ್ಕೆ 7.5%, ಹಿಂದುಳಿದ ವರ್ಗಕ್ಕೆ 27%, ಆರ್ಥಿಕವಾಗಿ ಹಿಂದುಳಿದವರಿಗೆ 10%. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಮೊದಲು ಅದನ್ನು ನೋಡಿಕೊಳ್ಳಿ.

ಇದ್ದರೂ ರಾಜ್ಯದ ನಮೂನೆಯ ಸರ್ಟಿಫಿಕೇಟ್ ಆಗುವುದಿಲ್ಲ, ಕೇಂದ್ರದ ನಮೂನೆಯದೇ ಬೇಕು. ನಮ್ಮ ಚಿಕ್ಕಪ್ಪನ ಮಗನಿಗೆ ಇದೇ ಆಯಿತು. ನಾಡಕಚೇರಿಯಲ್ಲಿ ಸ್ಪಷ್ಟವಾಗಿ ಹೇಳಿದರೂ ರಾಜ್ಯದ್ದೇ ಕೊಟ್ಟರು. ಮನೆಗೆ ಬಂದು ನೋಡಿದಾಗ ಗೊತ್ತಾಯಿತು. ಮತ್ತೆ ಅರ್ಜಿ, ಮತ್ತೆ ಓಡಾಟ. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಕೈಗೆ ಬಂತು. ಪರೀಕ್ಷೆಗೆ ಓದಬೇಕಾದ ಹುಡುಗ ಎಂಟು ದಿನ ಬಸ್ಸಿನಲ್ಲೇ ಕಳೆದ. ನೀವು ಎರಡು ತಿಂಗಳು ಮೊದಲೇ ಮಾಡಿಸಿಟ್ಟುಕೊಳ್ಳಿ. ಕೌಂಟರ್ ಬಿಡುವ ಮುಂಚೆ ಓದಿ ನೋಡಿ.

ಡಿಗ್ರಿ ಮುಗಿದಿದೆ. ಈಗ ದಾರಿ ಇದೆಯಾ?

ನಿಜ ಹೇಳಬೇಕು ಅಂದರೆ ಇದರ ಮುಖ್ಯ ಬಾಗಿಲೇ ಅದು. ಬಿ.ಎಸ್ಸಿ ಆದವರಿಗೆ ‘ಜ್ಯಾಮ್’ ಪರೀಕ್ಷೆ ಬರೆದು ಇಂಟಿಗ್ರೇಟೆಡ್ ಪಿಎಚ್‌ಡಿ, ಎಂ.ಎಸ್ಸಿ ಮತ್ತು ಪಿಎಚ್‌ಡಿ ಒಟ್ಟಿಗೆ. ಬಿ.ಇ ಆದವರಿಗೆ ‘ಗೇಟ್’ ಬರೆದು ಎಂ.ಟೆಕ್. ಪಿಎಚ್‌ಡಿಗೆ ನೆಟ್ ಅಥವಾ ಗೇಟ್, ಜೊತೆಗೆ ಸಂದರ್ಶನ. ಸಂದರ್ಶನದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ನನಗೆ ಕೇಳಿದ ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ, ಹಾಗೇ ಹೇಳಿದೆ. ‘ಸರಿ, ಈಗ ಇಲ್ಲೇ ಯೋಚಿಸು’ ಅಂತ ಸೀಮೆಸುಣ್ಣ ಕೊಟ್ಟರು. ಇಪ್ಪತ್ತು ನಿಮಿಷ ಬೋರ್ಡಿನ ಮುಂದೆ ನಿಂತಿದ್ದೆ. ಉತ್ತರ ಪೂರ್ತಿ ಬರಲಿಲ್ಲ. ಸೀಟು ಬಂತು.

ಪಿಎಚ್‌ಡಿಗೆ ನಾವು ಎಷ್ಟು ಕಟ್ಟಬೇಕು?

ಶುಲ್ಕ ಸ್ವಲ್ಪ ಇದೆ, ಆದರೆ ತಿಂಗಳಿಗೆ ಅವರೇ ನಿಮಗೆ ಕೊಡುತ್ತಾರೆ. ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400. ಸಾಫ್ಟ್‌ವೇರ್ ಸಂಬಳದ ಎದುರು ಇದು ಸಣ್ಣದೇ. ಜೊತೆಗೆ ಓದಿದವರು ಮನೆ ಕಟ್ಟಿಸುವಾಗ ನೀವು ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ನಿಂತಿರುತ್ತೀರಿ. ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಐದಾರು ವರ್ಷ ಹಿಡಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆಗುತ್ತಾ?

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಲ್ಲಿ ಪಾಠ, ಪರೀಕ್ಷೆ, ಬರವಣಿಗೆ ಎಲ್ಲ ಇಂಗ್ಲಿಷ್. ಮೊದಲ ಸೆಮಿನಾರಿಗೆ ಇಪ್ಪತ್ತು ನಿಮಿಷದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಾಲ್ಕನೇ ನಿಮಿಷಕ್ಕೆ ಒಬ್ಬರು ಪ್ರಶ್ನೆ ಕೇಳಿದರು. ಬಾಯಿಪಾಠ ಮರೆತೇ ಹೋಯಿತು. ಆಮೇಲೆ ಬೋರ್ಡಿನ ಮೇಲೆ ಚಿತ್ರ ಬರೆದು ತಡವರಿಸುತ್ತಾ ಹೇಳಿದೆ. ಅದೇ ಜಾಸ್ತಿ ಅರ್ಥವಾಯಿತು ಅಂದರು. ಭಾಷೆ ಆರೆಂಟು ತಿಂಗಳ ಕಷ್ಟ. ಗಣಿತ ಗಟ್ಟಿ ಇಲ್ಲದಿದ್ದರೆ ಅದು ದೊಡ್ಡ ಕಷ್ಟ.

ಕನ್ನಡ ಇಲ್ಲವೇ ಇಲ್ಲ ಅಂತಲ್ಲ. ನನಗೆ ಲೇತ್ ಕಲಿಸಿದ್ದು ವರ್ಕ್‌ಶಾಪಿನ ಒಬ್ಬರು ಹಿರಿಯರು, ಅಚ್ಚ ಕನ್ನಡದಲ್ಲಿ. ನಾನು ಕೊರೆದ ತೂತು ಅರ್ಧ ಮಿಲಿಮೀಟರ್ ಆಚೆ ಹೋಗಿತ್ತು. ‘ಪುಸ್ತಕ ಓದ್ದೋರೆಲ್ಲ ಹಿಂಗೇ ಕಣಪ್ಪ, ಅಳತೆ ಬರೀತೀರಾ, ಹಿಡಿಯಲ್ಲ’ ಅಂದರು. ಅವರ ಹತ್ತಿರ ಕಲಿತದ್ದು ಯಾವ ಕೋರ್ಸಿನಲ್ಲೂ ಇರಲಿಲ್ಲ. ಕ್ಯಾಂಪಸ್ಸಿನಲ್ಲಿ ಕನ್ನಡ ಸಂಘ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಚೇರಿ ಬಹಳ ವರ್ಷ ಇದೇ ಆವರಣದಲ್ಲಿ ಇತ್ತು. ಅದರ ಪುಸ್ತಕಗಳ ಮೇಲೆ ಬೆಂಗಳೂರು 560012 ಅನ್ನುವ ವಿಳಾಸ ಓದಿಕೊಂಡೇ ನಾವೆಲ್ಲ ಬೆಳೆದದ್ದು, ಅಲ್ವಾ?

ಓದಿದ ಮೇಲೆ ಕೆಲಸ ಸಿಗುತ್ತಾ?

ಕರ್ಜನ್ ಕೇಳಿದ್ದೂ ಇದೇ! ಇಷ್ಟು ಓದಿಸಲು ಹುಡುಗರು ಎಲ್ಲಿಂದ ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ ಅಂತ. ಎಂ.ಟೆಕ್‌ನವರಿಗೆ ಕ್ಯಾಂಪಸ್ಸಿಗೇ ಕಂಪನಿಗಳು ಬರುತ್ತವೆ. ಪಿಎಚ್‌ಡಿ ಮುಗಿಸಿದವರು ಕೆಲವರು ವಿದೇಶಕ್ಕೆ, ಕೆಲವರು ಇಲ್ಲಿನ ಕಂಪನಿಗಳ ಸಂಶೋಧನಾ ವಿಭಾಗಕ್ಕೆ, ಕೆಲವರು ಪಾಠ ಮಾಡಲು ಹೋಗುತ್ತಾರೆ. ಸರ್ಕಾರಿ ಅಧ್ಯಾಪಕ ಹುದ್ದೆಗೆ ಕಾಯುವುದು ಮಾತ್ರ ಕಷ್ಟದ ಕೆಲಸ. ವರ್ಷಗಟ್ಟಲೆ ಕಾದವರನ್ನು ನೋಡಿದ್ದೇನೆ. ಬರೀ ಸಂಬಳಕ್ಕಾಗಿ ಪಿಎಚ್‌ಡಿ ಮಾಡುವುದಾದರೆ ಬೇಡ ಅಂತಲೇ ಹೇಳುತ್ತೇನೆ.

ಐಐಟಿಗಿಂತ ಒಳ್ಳೆಯದಾ? ರ‍್ಯಾಂಕ್ ಎಷ್ಟು?

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಲ್ಲಿ ಶುರುವಾಯಿತು. ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಅಂದಿನಿಂದ ಇದೇ ಮೊದಲು. ಬಿ.ಟೆಕ್ ಮಾಡಿ ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಐಐಟಿ. ಪ್ರಶ್ನೆ ಹಿಡಿದು ಕೂರುವ ಚಟ ಇದ್ದರೆ ಇಲ್ಲಿ. ಬೇರೆ ಹೋಲಿಕೆ ಸುಮ್ನೆ.

ಚಳ್ಳಕೆರೆಯಲ್ಲೂ ಇದೆಯಂತೆ?

ಇದೆ. ಚಿತ್ರದುರ್ಗ ಜಿಲ್ಲೆಯ ಕುದಾಪುರದ ಹತ್ತಿರ 1,500 ಎಕರೆ. ಅಲ್ಲಿ ನಡೆಯುವ ಶಿಕ್ಷಕರ ತರಬೇತಿ ಒಳ್ಳೆಯ ಕೆಲಸ. ಶಾಲೆ, ಕಾಲೇಜುಗಳಲ್ಲಿ ವಿಜ್ಞಾನ ಕಲಿಸುವವರು ಬಂದು ತಮ್ಮ ಕೈಯಿಂದಲೇ ಪ್ರಯೋಗ ಮಾಡಿ ಹೋಗುತ್ತಾರೆ. ಆದರೆ ಆ ಜಾಗದ ಕತೆಯನ್ನೂ ಹೇಳಬೇಕು. ಅದು ಅಮೃತ್ ಮಹಲ್ ಕಾವಲು, ಸುತ್ತಲಿನ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ಹುಲ್ಲುಗಾವಲು. ಆ ಕಾವಲನ್ನು ಈ ಸಂಸ್ಥೆಗೂ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಕೇಂದ್ರಗಳಿಗೂ ಹಂಚಿದಾಗ ಊರಿನವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಕಂಬಳಿ ನೇಯುವ ಊರಿನಲ್ಲಿ ಕುರಿ ಮೇಯಲು ಬೇಲಿ ಅಡ್ಡ ಬಂದರೆ ಸಿಟ್ಟು ಬರದೆ ಇರುತ್ತದಾ? ಹಳ್ಳಿಯಲ್ಲಿ ನಿಂತು ಒಲೆ ಕಟ್ಟಿದ ಸಂಸ್ಥೆ ಇಲ್ಲಿ ಊರಿನವರ ಮಾತನ್ನು ಮೊದಲೇ ಕೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಆಸ್ಪತ್ರೆ ಬರುತ್ತಂತೆ, ಹೌದಾ?

ಕ್ಯಾಂಪಸ್ಸಿನಲ್ಲೇ 800 ಹಾಸಿಗೆಯ ಆಸ್ಪತ್ರೆ, ಜೊತೆಗೆ ವೈದ್ಯಕೀಯ ಶಾಲೆ ಕಟ್ಟುವ ಯೋಜನೆ. 2022ರಲ್ಲಿ ಎರಡು ಜೋಡಿ ದಂಪತಿಗಳು ಅದಕ್ಕೆ 425 ಕೋಟಿ ರೂಪಾಯಿ ದಾನ ಘೋಷಿಸಿದರು. ಉದ್ದೇಶ ವೈದ್ಯರನ್ನೂ ವಿಜ್ಞಾನಿಗಳನ್ನೂ ಒಂದೇ ಕಡೆ ಕೂರಿಸುವುದು.

ಸುಮ್ನೆ ಒಳಗೆ ಹೋಗಿ ನೋಡಿ ಬರಬಹುದಾ? ಮಕ್ಕಳನ್ನು ಕರೆದುಕೊಂಡು?

ಮಾಮೂಲಿ ದಿನ ಗೇಟಿನಲ್ಲಿ ಕೆಲಸ ಏನು ಅಂತ ಕೇಳುತ್ತಾರೆ. ವರ್ಷಕ್ಕೊಂದು ದಿನ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅದು ಓಪನ್ ಡೇ. ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್ ಹೊತ್ತಿಗೆ, ಒಂದು ಶನಿವಾರ. ಟಿಕೆಟ್ ಇಲ್ಲ. ಲ್ಯಾಬುಗಳ ಬಾಗಿಲು ತೆರೆದಿರುತ್ತದೆ, ವಿದ್ಯಾರ್ಥಿಗಳೇ ನಿಂತು ತೋರಿಸುತ್ತಾರೆ. ಟೋಪಿ, ನೀರು, ಹಳೆಯ ಚಪ್ಪಲಿ ಇರಲಿ. ಆವರಣ ದೊಡ್ಡದು, ಬಿಸಿಲು ಜಾಸ್ತಿ. ಬೈಕು, ಕಾರು ಬೇಡ, ಬಸ್ಸು ಅಥವಾ ಮೆಟ್ರೊ ಹಿಡಿಯಿರಿ.

ಎಲ್ಲಾ ನೋಡಲು ಹೋಗಬೇಡಿ, ಆಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ಹೈ ವೋಲ್ಟೇಜ್ ಲ್ಯಾಬಿನ ಸಾಲಿನಲ್ಲಿ ನಿಲ್ಲಿ. ಎತ್ತರದ ಶೆಡ್ಡು, ಒಳಗೆ ಮನೆಯಷ್ಟು ಎತ್ತರದ ಕಂಬಗಳು. ಲಕ್ಷಗಟ್ಟಲೆ ವೋಲ್ಟ್ ಸೇರಿಸಿ ಮನುಷ್ಯರೇ ಸಿಡಿಲು ಹೊಡೆಸುತ್ತಾರೆ. ಎಣಿಸುತ್ತಾ ಬರುತ್ತಾರೆ, ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ, ಆದರೂ ಬೆಚ್ಚಿ ಬೀಳುತ್ತಾರೆ. ನಾನು ಸ್ವಯಂಸೇವಕನಾಗಿದ್ದ ವರ್ಷ ಒಬ್ಬ ಹುಡುಗ, ಐದನೇ ಕ್ಲಾಸಿರಬೇಕು, ಅಮ್ಮನ ಸೆರಗು ಹಿಡಿದುಕೊಂಡೇ ಕೇಳಿದ: ‘ಅಣ್ಣಾ, ಈ ಸಿಡಿಲಿಗೆ ಮಳೆ ಯಾಕೆ ಬರಲಿಲ್ಲ?’ ನಾನು ಹೇಳಿದ ಉತ್ತರ ಅವನಿಗೆ ಸಮಾಧಾನ ಆಗಲಿಲ್ಲ. ಮತ್ತೆ ಸಾಲಿಗೆ ಹೋಗಿ ನಿಂತ.

ಒಳಗೆ ಕಾಡುಪಾಪ ಇದೆ ಅಂತಾರೆ. ನಿಜನಾ?

ನಿಜ. ಊರ ನಡುವೆ ಮರಗಳು ಒಂದಕ್ಕೊಂದು ತಾಗಿಕೊಂಡಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಕಾಡುಪಾಪಕ್ಕೆ ಬೇಕಾದ್ದು ಅದೇ, ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ದಾಟುವ ದಾರಿ. ಹಗಲು ಮುದುಡಿ ಮಲಗಿರುತ್ತದೆ, ರಾತ್ರಿ ಹುಳ ಹುಡುಕುತ್ತದೆ. ಆರು ವರ್ಷದಲ್ಲಿ ನನಗೆ ಕಂಡಿದ್ದು ಒಂದೇ ಸಲ. ಜೀವಿಶಾಸ್ತ್ರದ ಗೆಳತಿಯೊಬ್ಬಳು ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ಮುಂದೆ ನಡೆಯುತ್ತಿದ್ದಳು. ಒಂದು ಬಿದಿರು ಮೆಳೆಯ ಹತ್ತಿರ ನಿಂತು ಕೈ ತೋರಿಸಿದಳು. ಮೇಲೆ ಎರಡು ಕಣ್ಣು, ಗೋಲಿಯಷ್ಟು ದುಂಡಗೆ. ಸ್ವಲ್ಪ ಹೊತ್ತು ನಮ್ಮನ್ನು ನೋಡಿತು, ಆಮೇಲೆ ನಿಧಾನಕ್ಕೆ ಒಂದೊಂದೇ ಕೈ ಎತ್ತಿಡುತ್ತಾ ಪಕ್ಕದ ಮರಕ್ಕೆ ಹೋಯಿತು.